ಬಿಗಿನರ್ ಅಂದ್ರೆ ಯಾರು ಮಾರಾಯ್ರೆ?

ಉಡುಪಿಯಲ್ಲಿ ಜುಲೈ ತಿಂಗಳ ಒಂದು ಭಾನುವಾರ. ಹೊರಗೆ ಧೋ ಎಂದು ಮಳೆ, ಹಂಚಿನ ಮಾಡಿನ ಸಭಾಭವನದ ಒಳಗೆ ಚೆಸ್ ಟೂರ್ನಿ. ಓಪನ್, ಬಿಗಿನರ್ ಎಂದು ಎರಡು ವಿಭಾಗ. ಜಗಲಿಯಲ್ಲಿ ಕೊಡೆಗಳ ನೀರು ಇಳಿಯುವ ಮೊದಲೇ ನೋಂದಣಿ ಮೇಜಿನಲ್ಲಿ ಚರ್ಚೆ ಶುರುವಾಗಿತ್ತು.

“ಅವನಿಗೆ ರೇಟಿಂಗ್ ಇಲ್ಲ ಸರ್, ಮತ್ತೆ ಬಿಗಿನರೇ ಅಲ್ವಾ?” ಎಂದು ಒಬ್ಬ ಅಪ್ಪ. “ಎರಡು ವರ್ಷ ಕೋಚಿಂಗಿಗೆ ಹೋದವ ಬಿಗಿನರ್ ಹೇಗೆ ಆಗ್ತಾನೆ?” ಎಂದು ಹಿಂದೆ ನಿಂತ ಇನ್ನೊಂದು ಮಗುವಿನ ತಾಯಿ. ಕೊನೆಗೆ ಹುಡುಗ ಬಿಗಿನರ್ ವಿಭಾಗಕ್ಕೇ ಸೇರಿದ.

ರೇಟಿಂಗ್ ಅಂದರೆ ಆಟದ ಬಲಕ್ಕೆ ಕೊಡುವ ಅಂಕ; ಅದು ಇಲ್ಲದ್ದು ಅಷ್ಟು ದೊಡ್ಡ ಸಾಕ್ಷಿಯಲ್ಲ. ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ಪಟ್ಟಿಗೆ ಸೇರಲು ರೇಟಿಂಗ್ ಇರುವವರ ಎದುರು ಕನಿಷ್ಠ 5 ಆಟ ಆಗಬೇಕು. ಲೆಕ್ಕ 1400ರ ಕೆಳಗೆ ಬಂದರೆ ಹೆಸರು ಪಟ್ಟಿಗೆ ಹತ್ತುವುದೇ ಇಲ್ಲ. ಈ ಗೆರೆ ಮೊದಲು 1000 ಇತ್ತು. 2024ರ ಮಾರ್ಚ್ 1ರಿಂದ ಅದನ್ನು ಏರಿಸಿದರು. ಜೊತೆಗೆ ಕ್ಲಾಸಿಕಲ್, ಅಂದರೆ ದೀರ್ಘ ಸಮಯದ ಆಟದಲ್ಲಿ 2000ಕ್ಕಿಂತ ಕೆಳಗಿದ್ದವರಿಗೆ, 2000ಕ್ಕೆ ಎಷ್ಟು ಕಡಿಮೆಯೋ ಅದರ ಶೇ. 40ರಷ್ಟನ್ನು ಒಮ್ಮೆಗೇ ಸೇರಿಸಿಕೊಟ್ಟರು. 1000 ಇದ್ದವನು 1400 ಆದ, 1200 ಇದ್ದವನು 1520. ಒಂದು ರಾತ್ರಿಯಲ್ಲಿ 320 ಅಂಕ ಬಂತು, ಆಟ ಮಾತ್ರ ನಿನ್ನೆಯದೇ. ಇನ್ನು ಆನ್‌ಲೈನ್ ಚೆಸ್ ತಾಣ ಲೀಚೆಸ್‌ನಲ್ಲಿ ಖಾತೆ ತೆರೆದ ಕೂಡಲೇ ಎಲ್ಲರಿಗೂ 1500. ಅದನ್ನು ಮೇಜಿನ ಮುಂದೆ ಹೇಳಿಕೊಂಡು ಪ್ರಯೋಜನವಿಲ್ಲ.

ಬಿಗಿನರ್ ಯಾರೆಂದು ಬೋರ್ಡೇ ಹೇಳುತ್ತದೆ, ಅದೂ ಮೂರು ನಾಲ್ಕು ನಡೆಯೊಳಗೆ. ಮೊದಲ ಸುತ್ತಿನಲ್ಲಿ ಅಕ್ಕಪಕ್ಕದ ಮೂರು ಮೇಜಿನಲ್ಲಿ ಒಂದೇ ಆಟ ನಡೆಯಿತು. ಬಿಳಿ ಇ4, ಕಪ್ಪು ಇ5 (ಬೋರ್ಡಿನ ಮನೆಗಳಿಗೆ ಎಯಿಂದ ಎಚ್‌ವರೆಗಿನ ಅಕ್ಷರ, 1ರಿಂದ 8ರವರೆಗಿನ ಅಂಕಿ ಸೇರಿಸಿದ ಹೆಸರು). ಎರಡನೇ ನಡೆಗೇ ಬಿಳಿ ಮಂತ್ರಿ ಎಚ್5ಕ್ಕೆ. ನಾಲ್ಕು ನಡೆಯ ಚೆಕ್‌ಮೇಟ್ ಕಲಿತ ಮಕ್ಕಳೆಲ್ಲ ಹೀಗೇ ಹೊರಡುತ್ತಾರೆ.

ಒಂದನೇ ಮೇಜಿನ ಪುಟ್ಟ ಹುಡುಗಿ ಮಂತ್ರಿಯನ್ನು ಕಂಡು ಹೆದರಿ ತಕ್ಷಣ ಕಾಲಾಳನ್ನು ಜಿ6ಕ್ಕೆ ತಳ್ಳಿದಳು. ಮಂತ್ರಿಯನ್ನು ಓಡಿಸಬೇಕೆಂದು ಗೊತ್ತು, ಅದು ಎಲ್ಲಿಗೆ ಓಡುತ್ತದೆಂದು ನೋಡಲಿಲ್ಲ. ಮಂತ್ರಿ ಇ5ರ ಕಾಲಾಳನ್ನು ಹೊಡೆದು ಚೆಕ್ ಕೊಟ್ಟಿತು. ಜಿ7 ಖಾಲಿಯಾದ್ದರಿಂದ ಅದೇ ಓರೆಸಾಲಿನ ತುದಿಯಲ್ಲಿದ್ದ ಎಚ್8ರ ಆನೆಯೂ ಹೋಯಿತು.

ಎರಡನೇ ಮೇಜಿನಲ್ಲಿ ಬೆಳಗಿನ ಅಪ್ಪನ ಮಗ. ಕುದುರೆಯನ್ನು ಸಿ6ಕ್ಕೆ ತಂದು ಇ5ರ ಕಾಲಾಳನ್ನು ಕಾದ, ಅಲ್ಲಿಯವರೆಗೆ ಸರಿ. ಬಿಳಿ ಒಂಟೆ ಸಿ4ಕ್ಕೆ ಬಂತು. ಹುಡುಗ ಮೂರು ಸೆಕೆಂಡೂ ಕಾಯದೆ ಇನ್ನೊಂದು ಕುದುರೆಯನ್ನು ಎಫ್6ಕ್ಕೆ ಜಿಗಿಸಿದ, ಮಂತ್ರಿಗೆ ಹೊಡೆತ ಕೊಟ್ಟೆ ಎಂಬ ಖುಷಿಯಲ್ಲಿ. ಮಂತ್ರಿ ಎಫ್7ರ ಕಾಲಾಳನ್ನು ಹೊಡೆದು ಕೂತಿತು, ಹಿಂದೆ ಒಂಟೆಯ ಬಲ. ಚೆಕ್‌ಮೇಟ್. ಆರಂಭದಲ್ಲಿ ಎಫ್7ಕ್ಕೆ ರಾಜನೊಬ್ಬನೇ ಕಾವಲು, ಇದನ್ನು ಎರಡು ವರ್ಷದಲ್ಲಿ ಅವನಿಗೆ ಖಂಡಿತ ಹೇಳಿಕೊಟ್ಟಿರುತ್ತಾರೆ. ಆದರೆ ಕೈ ಮುಂದೆ, ಕಣ್ಣು ಹಿಂದೆ.

ಮೂರನೇ ಮೇಜಿನ ಹುಡುಗಿಯೂ ಕುದುರೆಯನ್ನು ಸಿ6ಕ್ಕೆ ತಂದಳು. ಒಂಟೆ ಬಂದ ಮೇಲೆ ಅದು ಯಾಕೆ ಬಂತೆಂದು ಓರೆಸಾಲಿನಲ್ಲಿ ಬೆರಳಿಲ್ಲದೆ, ಬರೀ ಕಣ್ಣಲ್ಲೇ ಲೆಕ್ಕ ಹಾಕಿ, ಆಗ ಜಿ6 ಆಡಿದಳು. ಇ5ಕ್ಕೆ ಈಗ ಕಾವಲಿದೆ, ಹಾಗಾಗಿ ಅದೇ ಜಿ6 ಇಲ್ಲಿ ಒಳ್ಳೆಯ ನಡೆ. ಮಂತ್ರಿ ಎಫ್3ಕ್ಕೆ ಸರಿದು ಮತ್ತೆ ಎಫ್7ಕ್ಕೆ ಗುರಿಯಿಟ್ಟಿತು. ಅವಳು ಕುದುರೆಯನ್ನು ಎಫ್6ಕ್ಕೆ ತಂದು ಸಾಲನ್ನೇ ಮುಚ್ಚಿದಳು. ಎದುರಿನವನಿಗೆ ಮುಂದಿನ ಪಾಠ ಗೊತ್ತಿರಲಿಲ್ಲ, ಪಾಪ.

ಮಧ್ಯಾಹ್ನದ ಮೊದಲಿನ ಸುತ್ತಿನಲ್ಲಿ ಬೇರೆ ಕಾಯಿಲೆ. ರಾಜ, ಮಂತ್ರಿ ಒಂದು ಕಡೆ; ಬರೀ ರಾಜ ಇನ್ನೊಂದು ಕಡೆ. ಗೆಲ್ಲಲು ಹೆಚ್ಚೆಂದರೆ 10 ನಡೆ ಸಾಕು. ಉಪಾಯ ಸರಳ: ಎದುರು ರಾಜನಿಂದ ಕುದುರೆಯ ನೆಗೆತದಷ್ಟು ದೂರದಲ್ಲಿ ಮಂತ್ರಿಯನ್ನಿಟ್ಟು, ಅವನು ಹೋದಂತೆ ಹಿಂಬಾಲಿಸಿ ಅಂಚಿಗೆ ದೂಡುವುದು. ಎಡವುವುದು ಮೂಲೆಯಲ್ಲಿ. ರಾಜ ಎ8ಕ್ಕೆ ಸೇರಿದ ಮೇಲೂ ಅಭ್ಯಾಸಬಲದಿಂದ ಮಂತ್ರಿಯನ್ನು ಬಿ6ಕ್ಕೋ ಸಿ7ಕ್ಕೋ ತಂದರೆ ಅವನಿಗೆ ಚೆಕ್ಕೂ ಇಲ್ಲ, ಹೋಗಲು ಮನೆಯೂ ಇಲ್ಲ. ಸ್ಟೇಲ್‌ಮೇಟ್, ಅರ್ಧ ಅಂಕ. ಮಂತ್ರಿಯನ್ನು ಡಿ7ರಲ್ಲಿ ನಿಲ್ಲಿಸಿದರೆ ಎದುರು ರಾಜ ಎ8, ಬಿ8 ನಡುವೆ ಓಲಾಡುತ್ತಿರುತ್ತಾನೆ; ಆಗ ತನ್ನ ರಾಜನನ್ನು ನಿಧಾನಕ್ಕೆ ಕರೆತರಬೇಕು. ಅವತ್ತು ಈ ಒಂದು ತಪ್ಪಿಗೆ ಗೆದ್ದ ಆಟ ಕೈಬಿಟ್ಟವರು ಮೂವರು.

ಇದಕ್ಕೆಲ್ಲ ಸಿಗದ ಒಬ್ಬರಿದ್ದರು, ಅರುವತ್ತು ದಾಟಿದ ಹಿರಿಯರು. ಮೊದಲ ನಡೆಗೇ ಎರಡು ಕಾಲಾಳುಗಳನ್ನು ಒಂದೊಂದು ಮನೆ ಸರಿಸಿಬಿಟ್ಟರು, ಮನೆಯ ಚಾವಡಿಯಲ್ಲಿ ಕಲಿತ ಪದ್ಧತಿ. ಎದುರಿನ ಹುಡುಗ ಕೈ ಎತ್ತಿದ. ಆರ್ಬಿಟರ್, ಅಂದರೆ ತೀರ್ಪುಗಾರರು ಬಂದು ಅವನಿಗೆ 2 ನಿಮಿಷ ಹೆಚ್ಚು ಕೊಟ್ಟು, “ಇನ್ನೊಮ್ಮೆ ಆದ್ರೆ ಆಟ ಹೋಗ್ತದೆ ಸರ್” ಎಂದರು. ರಾಜ, ಆನೆ ಒಂದೇ ನಡೆಯಲ್ಲಿ ಸರಿಯುವ ಕ್ಯಾಸ್ಲಿಂಗ್‌ನಲ್ಲಿ ರಾಜನನ್ನೇ ಮೊದಲು ಮುಟ್ಟಬೇಕು, ಆನೆ ಮುಟ್ಟಿದರೆ ಆನೆಯನ್ನೇ ನಡೆಸಬೇಕು ಎಂಬುದೂ ಅವರಿಗೆ ಹೊಸದು. ಆದರೆ ಹೊಡೆದಾಟದ ಲೆಕ್ಕ ನೋಡಬೇಕಿತ್ತು! ಕಾಲಾಳು 1, ಕುದುರೆ 3, ಒಂಟೆ 3, ಆನೆ 5, ಮಂತ್ರಿ 9. ನಮ್ಮದು ಎರಡು ಹೊಡೆಯುತ್ತವೆ, ಅವರದು ಒಂದೇ ಕಾಯುತ್ತದೆ ಎಂದು ನುಗ್ಗಿದರೆ ಸಾಲದು, ಯಾವುದರಿಂದ ಮೊದಲು ಹೊಡೆಯುತ್ತೀರಿ ಎಂಬುದೂ ಮುಖ್ಯ. ಕಾಲಾಳು ಕಾಯುವ ಕುದುರೆಯನ್ನು ಮಂತ್ರಿಯಿಂದ ಹೊಡೆದರೆ ಕೊನೆಗೆ ಸಿಗುವುದು 4, ಹೋಗುವುದು 9. ಮಕ್ಕಳು ಇಲ್ಲಿ ಸಾಲಾಗಿ ಬಿದ್ದರು. ಹಿರಿಯರು ಪ್ರತಿ ಸಲವೂ ಸಣ್ಣ ಕಾಯಿಯನ್ನೇ ಮುಂದೆ ಬಿಟ್ಟರು. ನಿಯಮದಲ್ಲಿ ಬಿಗಿನರ್, ಆಟದಲ್ಲಿ ಅಲ್ಲ. ಇಂಥವರನ್ನು ಯಾವ ವಿಭಾಗಕ್ಕೆ ಹಾಕುವುದೆಂದು ಫಾರ್ಮಿನಲ್ಲಿ ಬರೆದಿರುವುದಿಲ್ಲ.

ಸಂಜೆ ಬಹುಮಾನ ಮುಗಿದು ಕುರ್ಚಿ ಮಡಚುವಾಗ ಬೆಳಗಿನ ಅಪ್ಪ ಮತ್ತೆ ಮೇಜಿಗೆ ಬಂದರು. ಮಗ ಆರರಲ್ಲಿ ಎರಡೂವರೆ ಮಾಡಿದ್ದ.

“ಮುಂದಿನ ಸಲವೂ ಬಿಗಿನರ್‌ಗೇ ಹಾಕ್ಬಹುದಲ್ಲ ಸರ್?”