ಫಿಯಟ್ ಬಿಚ್ಚಿದವರು ಹಳೇ ಪಾರ್ಟ್ ಎಸೆಯಬೇಡಿ

ಹಳೇ ಕಾರು ಮನೆಗೆ ತಂದ ತಕ್ಷಣ ಎಲ್ಲರೂ ಕೇಳೋದು ಒಂದೇ, ಯಾವ ಬಣ್ಣ ಹೊಡೆಸ್ತೀರಿ ಅಂತ. ಬಣ್ಣದ ಮಾತು ಕೊನೆಗೆ. ಮೊದಲ ದಿನವೇ ತೀರ್ಮಾನ ಮಾಡಬೇಕಾದ್ದು ಬೇರೆ ಇದೆ. ಕಾರಿನ ಜೊತೆ ಬಂದ ಯಾವ ಭಾಗವನ್ನೂ, ಅದು ಎಷ್ಟೇ ಹಾಳಾಗಿ ಕಾಣಲಿ, ಗುಜರಿಗೆ ಹಾಕಬಾರದು. ಒಂದು ಸ್ಕ್ರೂ ಕೂಡ. ಈ ವಿಷಯದಲ್ಲಿ ನನಗೆ ಸ್ವಲ್ಪ ಹಠ ಜಾಸ್ತಿನೇ ಇದೆ.

ನಮ್ಮದು 1975ರ ಪ್ರೀಮಿಯರ್ ಪದ್ಮಿನಿ. ಆರ್‌ಸಿಯಲ್ಲಿ ಏನೇ ಇರಲಿ, ಮೈಸೂರಿನ ನಮ್ಮ ಬೀದಿಯಲ್ಲಿ ಎಲ್ಲರಿಗೂ ಅದು ಫಿಯಟ್ಟೇ. 1964ರಲ್ಲಿ ಫಿಯಟ್ 1100 ಡಿಲೈಟ್ ಅಂತ ಬಂದ ಕಾರೇ ಮುಂದೆ ಪ್ರೀಮಿಯರ್ ಪ್ರೆಸಿಡೆಂಟ್ ಆಗಿ, ಆಮೇಲೆ 1974ರಲ್ಲಿ ಪದ್ಮಿನಿ ಆಯಿತು. ಅದೇ 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಇರುವ ಅದೇ ಗೇರ್ ಲಿವರ್. ಮುಂಬೈನ ಕುರ್ಲಾದಲ್ಲಿ ಇದನ್ನು ತಯಾರಿಸಿದ ಕಂಪನಿ ಕಟ್ಟಿದವರು ವಾಲ್‌ಚಂದ್ ಹೀರಾಚಂದ್. 1940ರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಅಂದರೆ ಈಗಿನ ಎಚ್‌ಎಎಲ್, ಶುರು ಮಾಡಿದವರೂ ಅವರೇ. ಇದು ತಿಳಿದ ಮೇಲೆ ಕಾರಿನ ಮೇಲೆ ನನ್ನ ಪ್ರೀತಿ ಇನ್ನಷ್ಟು ಹೆಚ್ಚಾಯಿತು.

ನಾನು ಮೆಕ್ಯಾನಿಕ್ ಅಲ್ಲ. ವಾರವೆಲ್ಲ ಆಫೀಸು, ಭಾನುವಾರ ಮನೆ ಪಕ್ಕದ ಶೀಟ್ ಚಪ್ಪರದ ಕೆಳಗೆ ಕಾರಿನ ಕೆಲಸ. ಮನೆಯಲ್ಲಿ ಮಾಡುವವನಿಗೆ ಇರುವ ದೊಡ್ಡ ಅನುಕೂಲ ಅಂದರೆ ಅವಸರ ಇಲ್ಲ. ವರ್ಕ್‌ಶಾಪಿನವರಿಗೆ ಜಾಗ ಖಾಲಿ ಆಗಬೇಕು, ಹುಡುಗರಿಗೆ ಸಂಬಳ ಕೊಡಬೇಕು, ಹಾಗಾಗಿ ತುಕ್ಕು ಹಿಡಿದ ಬಂಪರ್ ಕ್ಲಾಂಪನ್ನು ಗಂಟೆಗಟ್ಟಲೆ ಉಜ್ಜುವ ಬದಲು ಹೊಸದು ಹಾಕಿಬಿಡುತ್ತಾರೆ. ಅವರ ಲೆಕ್ಕ ಅವರಿಗೆ ಸರಿ. ಆದರೆ ಹೊಸದು ಅಂತ ಸಿಗುವುದು ಹಳೆಯದರಷ್ಟು ದಪ್ಪ ಇರುವುದಿಲ್ಲ. ಬಾಗಿಲಿನ ರಬ್ಬರ್ ಬೀಡಿಂಗ್ ಬೇಗ ಬಿರಿಯುತ್ತದೆ. ಬ್ಯಾಡ್ಜ್‌ಗಳು ಪ್ಲಾಸ್ಟಿಕ್‌ನಲ್ಲಿ ಬರುತ್ತವೆ.

ಇನ್ನೊಂದು ಕಾರಣವೂ ಇದೆ. ಇಷ್ಟು ವರ್ಷ ಫಿಯಟ್ ಪಾರ್ಟ್‌ಗಳು ಸಿಗುತ್ತಿದ್ದದ್ದೇ ಮುಂಬೈನ ಕಪ್ಪು ಹಳದಿ ಟ್ಯಾಕ್ಸಿಗಳ ದಯೆಯಿಂದ. ಅಲ್ಲಿ ಟ್ಯಾಕ್ಸಿಗೆ 20 ವರ್ಷ ವಯಸ್ಸಿನ ಮಿತಿ. ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದ ಇಳಿಯಿತು. ದಿನಾ ಓಡುವ ಗಾಡಿಗಳೇ ಇಲ್ಲ ಅಂದ ಮೇಲೆ ಪಾರ್ಟ್ ಯಾರು ಮಾಡ್ತಾರೆ ಹೇಳಿ? ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಒಳಗಿನ ರ‍್ಯಾಕಿನಿಂದ ಧೂಳು ಒರೆಸಿ ತೆಗೆದುಕೊಡುವ ಅಂಗಡಿಯವರು ಇನ್ನೂ ಇದ್ದಾರೆ. ಹೋಗುವಾಗ ಹಳೇ ಪಾರ್ಟನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ. ಹೆಸರು ಹೇಳಿದರೆ ಯಾವುದೋ ಕೊಡುತ್ತಾರೆ, ತೋರಿಸಿದರೆ ಸರಿಯಾದ್ದು ಸಿಗುತ್ತದೆ. ಹಳೆಯದನ್ನ ಎಸೆದಿದ್ದರೆ ಏನು ತೋರಿಸೋದು?

ಕೆಲಸ ಶುರುವಾಗಬೇಕಾದ್ದು ಕೆಳಗಿನಿಂದ. ಪದ್ಮಿನಿಗೆ ಲಾರಿಗಿರುವಂತೆ ಪ್ರತ್ಯೇಕ ಚಾಸಿಸ್ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಬಾಗಿಲಿನ ಕೆಳಗೆ ಉದ್ದಕ್ಕೂ ಇರುವ ಪೆಟ್ಟಿಗೆಯಂಥ ಭಾಗ ತುಕ್ಕು ತಿಂದರೆ ಮೇಲೆ ಎಷ್ಟು ಪಾಲಿಶ್ ಮಾಡಿದರೂ ದಂಡ. ಪರೀಕ್ಷೆ ಸುಲಭ. ಒಂದು ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಡಿ ಮೇಲೆ ಆಡಿಸಿ. ಕಬ್ಬಿಣ ಇದ್ದಲ್ಲಿ ಕಚ್ಚುತ್ತದೆ, ಪುಟ್ಟಿ ತುಂಬಿದ್ದಲ್ಲಿ ಜಾರುತ್ತದೆ. ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಠಣ್ ಅನ್ನುತ್ತದೆ, ಕೊಳೆತದ್ದು ಬದ್ ಅನ್ನುತ್ತದೆ. ನಮ್ಮ ಕಾರಿನಲ್ಲಿ ಎಡಗಡೆ ಹಿಂಬಾಗಿಲಿನ ಕೆಳಗೆ ತಟ್ಟಿದಾಗ ಸದ್ದೇ ಬರಲಿಲ್ಲ, ಸ್ಕ್ರೂಡ್ರೈವರ್ ತುದಿ ಒತ್ತಿದರೆ ಒಳಗೆ ಹೋಯಿತು, ಕೆಂಪು ಪುಡಿ ನೆಲಕ್ಕೆ ಸುರಿಯಿತು. ಕಾರಣ ಹುಡುಕಿದರೆ, ನೀರು ಹೊರಗೆ ಹೋಗಲು ಬಿಟ್ಟಿರುವ ಸಣ್ಣ ತೂತುಗಳಿಗೆ ಎಲೆ, ಮಣ್ಣು ತುಂಬಿ ಗಟ್ಟಿಯಾಗಿತ್ತು. ಮಳೆಗಾಲದ ನೀರೆಲ್ಲ ಒಳಗೇ ನಿಂತಿತ್ತು. ನಿಮ್ಮ ಕಾರು ಹೊಸದೇ ಇರಲಿ, ಆ ತೂತುಗಳಿಗೆ ಒಮ್ಮೆ ತಂತಿ ಹಾಕಿ ನೋಡಿ.

ಆ ಜಾಗವನ್ನಷ್ಟೇ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿದೆ. ವೆಲ್ಡಿಂಗ್ ನನಗೆ ಬರುವುದಿಲ್ಲ, ವಯಸ್ಸಾದ ಟಿಂಕರಿಂಗ್ ಮೇಸ್ತ್ರಿಯೊಬ್ಬರು ಮನೆಗೇ ಬಂದು ಮಾಡಿಕೊಟ್ಟರು. ಬಾಗಿಲುಗಳು ಹಾಕಿದ್ದಂತೆಯೇ ಕೆಲಸ ಶುರು ಮಾಡಿದರು, ಇಲ್ಲದಿದ್ದರೆ ಬಾಡಿ ಬಗ್ಗಿ ಆಮೇಲೆ ಬಾಗಿಲು ಕೂರುವುದಿಲ್ಲವಂತೆ. ಇಂಥ ಮಾತು ಯಾವ ವಿಡಿಯೋದಲ್ಲೂ ನನಗೆ ಸಿಕ್ಕಿರಲಿಲ್ಲ.

ಚಿಕ್ಕ ತುಕ್ಕಿನ ಸಾಮಾನಿಗೆ ಬೇರೆ ಉಪಾಯ ಇದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರು, ಅದಕ್ಕೆ ವಾಷಿಂಗ್ ಸೋಡಾ. ಬ್ಯಾಟರಿ ಚಾರ್ಜರಿನ ನೆಗೆಟಿವ್ ವೈರು ತುಕ್ಕು ಹಿಡಿದ ಪಾರ್ಟಿಗೆ, ಪಾಸಿಟಿವ್ ಒಂದು ಹಳೇ ಕಬ್ಬಿಣದ ತುಂಡಿಗೆ, ಎರಡೂ ಒಂದಕ್ಕೊಂದು ತಾಗಬಾರದು. ರಾತ್ರಿ ಬಿಟ್ಟರೆ ಬೆಳಿಗ್ಗೆಗೆ ತುಕ್ಕು ಕಪ್ಪು ಪುಡಿಯಾಗಿ, ಬ್ರಷ್ಷಿಗೆ ಬರುತ್ತದೆ, ಒಳಗಿನ ಕಬ್ಬಿಣ ಸವೆಯುವುದಿಲ್ಲ. ಪಾಸಿಟಿವ್ ಕಡೆಗೆ ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಹಾಕಬೇಡಿ, ವಿಷಕಾರಿ ಕ್ರೋಮಿಯಂ ನೀರಿಗೆ ಇಳಿಯುತ್ತದೆ. ಹೈಡ್ರೋಜನ್ ಗ್ಯಾಸ್ ಬರುವುದರಿಂದ ಬಯಲಲ್ಲೇ ಇಡಿ, ಕೈ ಹಾಕುವ ಮುಂಚೆ ಚಾರ್ಜರ್ ಆಫ್ ಮಾಡಿ.

ನನಗೆ ಅತ್ಯಂತ ಖುಷಿ ಕೊಟ್ಟದ್ದು ವಾಲ್ವ್, ಅಂದರೆ ಎಂಜಿನ್ನಿಗೆ ಗಾಳಿ-ಪೆಟ್ರೋಲ್ ಬಿಡುವ, ಹೊಗೆ ಹೊರಹಾಕುವ ಮುಚ್ಚಳಗಳ ಕೆಲಸ. ಈ ಎಂಜಿನ್ನಿನ ಬ್ಲಾಕ್ ಎರಕದ ಕಬ್ಬಿಣ, ಮೇಲಿನ ಹೆಡ್ ಅಲ್ಯುಮಿನಿಯಂ. ಅತಿಯಾಗಿ ಬಿಸಿಯಾದರೆ ಹೆಡ್ ಬಾಗುತ್ತದೆ, ಎರಡರ ನಡುವಿನ ಗ್ಯಾಸ್ಕೆಟ್ ಹೋಗುತ್ತದೆ. ಹಾಗಾಗಿ ಬಿಚ್ಚಿದ ಕೂಡಲೇ ನೇರ ಪಟ್ಟಿ ಇಟ್ಟು, ಸಂದು ಅಳೆಯುವ ತೆಳು ತಗಡಿನ ಫೀಲರ್ ಗೇಜ್ ತೂರಿಸಿ ನೋಡಬೇಕು. ನಮ್ಮದು ನೆಟ್ಟಗಿತ್ತು. ರಟ್ಟಿನಲ್ಲಿ ತೂತು ಮಾಡಿ ಎಂಟು ವಾಲ್ವ್‌ಗಳನ್ನೂ ಅವುಗಳ ಜಾಗದ ಕ್ರಮದಲ್ಲೇ ಸಿಕ್ಕಿಸಿಟ್ಟೆ, ಯಾಕೆಂದರೆ ಒಂದೊಂದೂ ತಾನು ಕೂರುವ ಅಂಚಿಗೇ, ಅಂದರೆ ತನ್ನ ಸೀಟಿಗೇ ಹೊಂದಿಕೊಂಡಿರುತ್ತದೆ. ಮಸಿ ಕೆರೆದು, ಅಂಚಿಗೆ ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ರಬ್ಬರ್ ಕಪ್ ಇರುವ ಕೋಲನ್ನು ವಾಲ್ವಿಗೆ ಅಂಟಿಸಿ, ಎರಡೂ ಅಂಗೈ ನಡುವೆ ಮಜ್ಜಿಗೆ ಕಡೆದ ಹಾಗೆ ತಿರುಗಿಸುತ್ತಾ ಇರಬೇಕು. ಮೊದಲು ಕರಕರ ಅನ್ನುವ ಸದ್ದು ನಿಧಾನಕ್ಕೆ ಮೆತ್ತಗಾಗುತ್ತದೆ. ತೆಗೆದು ಒರೆಸಿದರೆ ಸೀಟಿನ ಸುತ್ತ ಒಂದೇ ಅಗಲದ ಬೂದು ಬಣ್ಣದ ಪಟ್ಟಿ ಕಾಣಬೇಕು, ಎಲ್ಲೂ ತುಂಡಾಗಿರಬಾರದು. ಕೊನೆಗೆ ಪೇಸ್ಟನ್ನೆಲ್ಲ ತೊಳೆದು, ವಾಲ್ವ್ ಕೂರಿಸಿ, ವಾಲ್ವಿನ ಹಿಂದಿನ ದಾರಿಯಾದ ಪೋರ್ಟಿನೊಳಗೆ ಸೀಮೆಎಣ್ಣೆ ಹಾಕಿ ಕಾಯುವುದು. ಆ ಕಡೆ ಒಂದು ಹನಿಯೂ ಇಣುಕದಿದ್ದರೆ ಕೆಲಸ ಆಯಿತು. 50 ವರ್ಷದ ಹಿಂದಿನ ಅದೇ ವಾಲ್ವ್‌ಗಳು ಮತ್ತೆ ಸೀಮೆಎಣ್ಣೆ ತಡೆದು ನಿಂತದ್ದನ್ನು ನೋಡಿದಾಗ ಆದ ಸಂತೋಷ ಹೊಸ ಸೆಟ್ ಕೊಂಡು ಹಾಕಿದ್ದರೆ ಆಗುತ್ತಿತ್ತಾ?

ಎಲ್ಲವನ್ನೂ ಉಳಿಸಿ ಅಂದರೆ ಎಲ್ಲವನ್ನೂ ವಾಪಸ್ ಹಾಕಿ ಅಂತ ಅರ್ಥ ಮಾಡಿಕೊಳ್ಳಬೇಡಿ. ಬ್ರೇಕಿನ ರಬ್ಬರ್, ಹೋಸ್, ಟಯರ್ ಇವೆಲ್ಲ ಹೊಸವೇ ಆಗಬೇಕು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಕಾಲಿನ ಬಲದಲ್ಲೇ ನಿಲ್ಲಬೇಕಾದ ಗಾಡಿ ಇದು. ಹಳೇ ಬ್ರೇಕ್ ಲೈನರ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು, ಆ ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಕವರಿನಲ್ಲಿ ಕಟ್ಟಿಡಿ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್. ಹಳೇ ಕಾಲದ ರಬ್ಬರ್ ಅದಕ್ಕೆ ತಡೆಯುವುದಿಲ್ಲ, ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಕಾರಿನ ಪಂಪಿನ ಡಯಾಫ್ರಾಮ್, ಅಂದರೆ ಒಳಗಿನ ತೆಳು ಪದರ ಕೂಡ ಬದಲಾಯಿಸಲೇಬೇಕು. ಆ ಪಂಪು ಎಂಜಿನ್ನಿಗೇ ಅಂಟಿಕೊಂಡಿರುವುದರಿಂದ ಬೇಸಿಗೆಯಲ್ಲಿ ಪೆಟ್ರೋಲ್ ಆವಿಯಾಗಿ ಗಾಡಿ ನಿಂತುಬಿಡುತ್ತದೆ, ಅಪ್ಪನ ಕಾಲದವರು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದದ್ದು ಅದಕ್ಕೇ. ಇವತ್ತಿಗೂ ಆ ಬಟ್ಟೆ ನಡೆಯುತ್ತದೆ.

ಕಾಗದದ ವಿಷಯಕ್ಕೂ ಈ ಹಠ ಉಪಯೋಗಕ್ಕೆ ಬರುತ್ತದೆ. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ನಂಬರಿನಲ್ಲಿ ವಿಎ ಅಂತ ಬರುತ್ತದೆ, ಶುಲ್ಕ 20,000 ರೂಪಾಯಿ, 10 ವರ್ಷ ನಡೆಯುತ್ತದೆ. ದಿನಾ ಓಡಿಸುವ ಹಾಗಿಲ್ಲ. ಮುಖ್ಯವಾದ ಷರತ್ತು ಏನೆಂದರೆ ಕಾರು ಮೂಲ ರೂಪದಲ್ಲೇ ಇರಬೇಕು, ಬಾಡಿ, ಚಾಸಿಸ್, ಎಂಜಿನ್ ಮಾರ್ಪಾಡು ಆಗಿರಬಾರದು. ಫ್ಲೋರ್ ಗೇರ್ ಹಾಕಿಸಿ, ಬೇರೆ ಎಂಜಿನ್ ಕೂರಿಸಿ ಆಮೇಲೆ ವಿಂಟೇಜ್ ಅಂದರೆ ಕಷ್ಟ, ಅಲ್ವಾ? ಅದಕ್ಕೇ ಪ್ರತಿ ಭಾಗ ಬಿಚ್ಚುವ ಮುಂಚೆಯೂ ಆಮೇಲೂ ಫೋಟೋ ತೆಗೆದಿಡಿ, ಬೋಲ್ಟ್‌ಗಳನ್ನು ಹೆಸರು ಬರೆದ ಕವರಿನಲ್ಲಿ ಹಾಕಿಡಿ.

ನನ್ನ ಹತ್ತಿರ ಬಲಗಡೆ ಮುಂಬಾಗಿಲಿನ ಕಿಟಕಿ ಗಾಜು ಏರಿಸಿ ಇಳಿಸುವ ರೆಗ್ಯುಲೇಟರ್ ಒಂದು ಜಾಸ್ತಿ ಇದೆ, ಹಲ್ಲುಗಳು ಚೆನ್ನಾಗಿವೆ. ನನಗೆ ಬೇಕಾಗಿರುವುದು ಎಡಗಡೆಯದು. ಯಾರದಾದರೂ ಶೆಡ್ಡಿನಲ್ಲಿ, ಅಟ್ಟದ ಮೇಲೆ ಹಾಗೆ ಒಂದು ಬಿದ್ದಿದ್ದರೆ ಸುಮ್ನೆ ಗುಜರಿಗೆ ಹಾಕಬೇಡಿ, ಹೇಳಿ, ಅದಲು ಬದಲು ಮಾಡಿಕೊಳ್ಳೋಣ.