ಹಾಡಿನ ಪಟ್ಟಿಗೆ ಪ್ರಾಸದ ಪದ್ಯ

ವಿಜಯಪುರದಲ್ಲಿ ಇವತ್ತು ಚಳಿ ಜಾಸ್ತಿ. ರೇಡಿಯೋ ಕಾರ್ಯಕ್ರಮಕ್ಕೆ ಪದ್ಯ ಬರೆಯುತ್ತಾ ಕೂತಿದ್ದೆ. ವಿಷಯ, ಜನಪ್ರಿಯ ಹಾಡುಗಳ ಪಟ್ಟಿ ಹುಟ್ಟಿದ ಕಥೆ. 1952ರ ನವೆಂಬರ್‌ನಲ್ಲಿ ಒಂದು ಸಂಗೀತ ಪತ್ರಿಕೆಯವರು ಅಂಗಡಿಗಳಿಗೆ ಫೋನ್ ಮಾಡಿ, ಯಾವ ರೆಕಾರ್ಡು ಜಾಸ್ತಿ ಹೋಯ್ತು ಅಂತ ಕೇಳಿ ಬ್ರಿಟನ್ನಿನ ಮೊದಲ ಪಟ್ಟಿ ಅಚ್ಚು ಹಾಕಿದರು. ಮೊದಲ ಸ್ಥಾನ ಅಮೆರಿಕದ ಗಾಯಕ ಅಲ್ ಮಾರ್ಟಿನೋಗೆ. ಮರು ತಿಂಗಳೇ ರೇಡಿಯೋ ಸಿಲೋನ್‌ನಲ್ಲಿ ಅಮೀನ್ ಸಯಾನಿಯವರ ಹಿಂದಿ ಸಿನಿಮಾ ಹಾಡುಗಳ ಕಾರ್ಯಕ್ರಮ ಗೀತಮಾಲಾ ಶುರು! ಜನರ ಇಷ್ಟವನ್ನು ಹೀಗೆ ಕೂತು ಎಣಿಸಿದ್ದೇ ಎಷ್ಟು ಚೆಂದ, ಅಲ್ವಾ?

ಫೋನ್ ಹಚ್ಚಿ ಅಂಗಡಿಗೆ ಕೇಳಿದರು ಲೆಕ್ಕ,
ಹೆಚ್ಚು ಹೋದ ಹಾಡಿಗೆ ಮೊದಲ ಮಣೆ ಪಕ್ಕಾ!

ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಓದಿದೆ. ಆ ಬಡಿತವೇ ತಾಳ ಆಯ್ತು. ಹಿಟ್ಟಿನ ಕೈ ಒರೆಸಿಕೊಂಡು, "ಪ್ರಾಸ ಬರೋಬ್ಬರಿ ಕೂತೈತಿ, ಇನ್ನೊಮ್ಮೆ ಹೇಳು" ಅಂದಳು.