ಬ್ಯಾಡ್‌ಫಿಂಗರ್ ಹಾಳಾಗಿದ್ದು ಬೀಟಲ್ಸ್ ನೆರಳಿನಿಂದಲಾ?

ನಾನು ಬ್ಯಾಡ್‌ಫಿಂಗರ್ ಅನ್ನೋ ಹಳೆಯ ರಾಕ್ ಬ್ಯಾಂಡಿನ ಹೆಸರು ಎತ್ತಿದರೆ ಸಾಕು, ಹಳೆಯ ರಾಕ್ ಕೇಳುವವರು ಇದನ್ನೇ ಕೇಳುತ್ತಾರೆ: ‘ಬೀಟಲ್ಸ್ ನೆರಳಲ್ಲಿ ಇದ್ದಿದ್ದಕ್ಕೇ ಆ ಬ್ಯಾಂಡ್ ಹಾಳಾಯ್ತು, ಅಲ್ವಾ?’

ಅಲ್ಲ. ಅವರನ್ನು ಮುಳುಗಿಸಿದ್ದು ಅವರೇ ಸಹಿ ಹಾಕಿದ ಕಾಗದಗಳು.

ವೇಲ್ಸ್‌ನ ಸ್ವಾನ್ಸಿಯಲ್ಲಿ ಶುರುವಾದ ಬ್ಯಾಂಡ್ ಇದು. ಮೊದಲ ಹೆಸರು ದಿ ಐವೀಸ್. 1968ರಲ್ಲಿ ಬೀಟಲ್ಸ್‌ನವರ ಆ್ಯಪಲ್ ರೆಕಾರ್ಡ್ ಕಂಪನಿ ಇವರನ್ನು ಸೇರಿಸಿಕೊಂಡಿತು. ಮೊದಲ ದೊಡ್ಡ ಹಿಟ್ ‘ಕಮ್ ಆ್ಯಂಡ್ ಗೆಟ್ ಇಟ್’ ಅನ್ನು ಬೀಟಲ್ಸ್‌ನ ಪಾಲ್ ಮ್ಯಾಕಾರ್ಟ್ನಿಯೇ ಬರೆದುಕೊಟ್ಟ. 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಪಂಡಿತ್ ರವಿಶಂಕರ್ ಮತ್ತು ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ನ್ಯೂಯಾರ್ಕ್‌ನಲ್ಲಿ ಕಾರ್ಯಕ್ರಮ ಮಾಡಿದರಲ್ಲ, ಅಲ್ಲಿ ‘ಹಿಯರ್ ಕಮ್ಸ್ ದಿ ಸನ್’ ಹಾಡಿಗೆ ಹ್ಯಾರಿಸನ್ ಪಕ್ಕ ನಿಂತು ಗಿಟಾರ್ ನುಡಿಸಿದವನು ಬ್ಯಾಡ್‌ಫಿಂಗರ್‌ನ ಪೀಟ್ ಹ್ಯಾಮ್. ಇಂಥ ನೆರಳು ಎಷ್ಟು ಜನಕ್ಕೆ ಸಿಗುತ್ತೆ ಹೇಳಿ?

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. 1970ರಲ್ಲಿ ಸ್ಟ್ಯಾನ್ ಪಾಲಿ ಎಂಬ ನ್ಯೂಯಾರ್ಕಿನ ಮ್ಯಾನೇಜರ್ ಬಂದ. ಬ್ಯಾಂಡಿನ ದುಡ್ಡೆಲ್ಲ ಅವನ ಹಿಡಿತದಲ್ಲಿದ್ದ ಕಂಪನಿಗೆ ಹೋಗುತ್ತಿತ್ತು. ಹಾಡು ಕಟ್ಟಿದವರಿಗೆ ಸಿಗುತ್ತಿದ್ದದ್ದು ಬರೀ ಸಂಬಳ.

‘ವಿದೌಟ್ ಯೂ’ ಹಾಡನ್ನೇ ತಗೊಳ್ಳಿ. ಹ್ಯಾಮ್ ಹತ್ತಿರ ಚರಣವಿತ್ತು, ಒಪ್ಪುವ ಪಲ್ಲವಿ ಇರಲಿಲ್ಲ. ಬ್ಯಾಂಡಿನ ಇನ್ನೊಬ್ಬ ಸದಸ್ಯ ಟಾಮ್ ಇವಾನ್ಸ್ ಹತ್ತಿರ ಪಲ್ಲವಿ ಇತ್ತು. ಎರಡನ್ನೂ ಜೋಡಿಸಿ 1970ರ ಆಲ್ಬಂಗೆ ಹಾಕಿದರು. ಅದೇನು ಮಹಾ ಹಾಡು ಅಂತ ಅವರಿಗೇ ಅನ್ನಿಸಿರಲಿಲ್ಲ. ಅಮೆರಿಕದ ಗಾಯಕ ಹ್ಯಾರಿ ನಿಲ್ಸನ್ ಹಾಡಿದ ಮೇಲೆ 1972ರಲ್ಲಿ ಅದು ಬ್ರಿಟನ್, ಅಮೆರಿಕ ಎರಡೂ ಕಡೆ ಒಂದನೇ ಸ್ಥಾನಕ್ಕೆ ಹೋಯಿತು. 1994ರಲ್ಲಿ ಮರಾಯಾ ಕ್ಯಾರಿ ಹಾಡಿದಾಗ ಬ್ರಿಟನ್‌ನಲ್ಲಿ ಮತ್ತೆ ಒಂದನೇ ಸ್ಥಾನ.

ಆ್ಯಪಲ್ ಬಿಟ್ಟು ವಾರ್ನರ್ ಬ್ರದರ್ಸ್ ರೆಕಾರ್ಡ್ ಕಂಪನಿ ಸೇರಿದರು. ವಾರ್ನರ್ ಕೊಟ್ಟಿದ್ದ, ಠೇವಣಿಯಾಗಿ ಇರಬೇಕಾಗಿದ್ದ ಮುಂಗಡ ಹಣ ನಾಪತ್ತೆ! ವಾರ್ನರ್ ಕೋರ್ಟಿಗೆ ಹೋಯಿತು. ಬಿಡುಗಡೆಯಾಗಿ ಕೆಲವೇ ವಾರಗಳಾಗಿದ್ದ ‘ವಿಷ್ ಯೂ ವರ್ ಹಿಯರ್’ ಆಲ್ಬಂ ಅಂಗಡಿಗಳಿಂದ ವಾಪಸ್ಸಾಯಿತು. ಜನ ಬೇಡ ಅಂದದ್ದಕ್ಕಲ್ಲ, ಜಗಳಕ್ಕೆ. ನನ್ನ ಮಟ್ಟಿಗೆ ಅದೇ ಅವರ ಅತ್ಯುತ್ತಮ ಆಲ್ಬಂ.

ಸಂಬಳವೂ ನಿಂತುಹೋಯಿತು. 1975ರ ಏಪ್ರಿಲ್‌ನಲ್ಲಿ ಪೀಟ್ ಹ್ಯಾಮ್ ತನ್ನ ಪ್ರಾಣ ತಾನೇ ಕಳೆದುಕೊಂಡ. 28 ತುಂಬಲು ಮೂರು ದಿನ ಬಾಕಿ ಇತ್ತು. ಬ್ಯಾಂಡ್ ಒಡೆಯಿತು. ಉಳಿದವರು ಮತ್ತೆ ಸೇರಿ ಒಂದೆರಡು ಆಲ್ಬಂ ಮಾಡಿದರು, ಅವು ಸಾಧಾರಣ. ಆಮೇಲೆ ಬ್ಯಾಡ್‌ಫಿಂಗರ್ ಹೆಸರಲ್ಲೇ ಎರಡು ಬೇರೆ ಬೇರೆ ತಂಡಗಳು ತಿರುಗಾಡಿದವು. 1983ರಲ್ಲಿ ಟಾಮ್ ಇವಾನ್ಸ್ ಕೂಡ ತನ್ನ ಜೀವ ತೆಗೆದುಕೊಂಡ. ಆಗಲೂ ‘ವಿದೌಟ್ ಯೂ’ ರಾಯಲ್ಟಿ ಯಾರಿಗೆ ಎಷ್ಟು ಅನ್ನುವ ತಕರಾರು ಮುಗಿದಿರಲಿಲ್ಲ.